ಜಪಸರದ ಮಣಿ, ಹಾಲೆಯ ಮರ

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಗೋಡೆಯ ಮೊಳೆಯಿಂದ ಜಪಸರವೂ ಕೆಳಗಿಳಿಯುತ್ತದೆ. 1883ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಈ ತಿಂಗಳನ್ನು ಜಪಸರದ ಭಕ್ತಿಗೆ ಮೀಸಲಾಗಿರಿಸಿದ ಮೇಲೆ ಧರ್ಮಸಭೆಯಲ್ಲೆಲ್ಲ ಬೇರೂರಿದ ಪದ್ಧತಿಯಿದು. ಅಜ್ಜಿ ಮುಂದೆ, ಮೊಮ್ಮಕ್ಕಳು ಹಿಂದೆ. ಬೆರಳುಗಳ ನಡುವೆ ಒಂದೊಂದಾಗಿ ಜಾರುವ ಮಣಿಗಳು. 53 ನಮೋ ಮರಿಯ, 6 ಸಲ ಪ್ರಭು ಕಲಿಸಿದ ಪ್ರಾರ್ಥನೆ, ಒಟ್ಟು 59 ಮಣಿ. ಈ ಲೆಕ್ಕ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಆ ಮಣಿ ಯಾವ ಮರದ್ದು, ಅದನ್ನು ಕಡೆದ ಕೈ ಯಾರದು ಎಂದು ನಾವು ಕೇಳುವುದು ಅಪರೂಪ. ಗುರುವಾಗಿ ಜಪಸರಗಳನ್ನು ನೂರಾರು ಸಲ ಆಶೀರ್ವದಿಸಿದ ನಾನೂ ಬಹುಕಾಲ ಕೇಳಿರಲಿಲ್ಲ.

ನಮ್ಮ ಹಿರಿಯರು ಈ ಪ್ರಾರ್ಥನಾ ಸಾಧನಕ್ಕೆ ಇಟ್ಟ ಹೆಸರನ್ನೇ ಗಮನಿಸಿರಿ. ಲತೀನಿನ ಹೆಸರು ಗುಲಾಬಿಯ ತೋಟವನ್ನು ನೆನಪಿಗೆ ತರುತ್ತದೆ. ಕನ್ನಡದ ಹೆಸರು ಹೆಂಗಸಿನ ಕೊರಳನ್ನು. 'ಸರ' ಎಂದರೆ ತೊಡುವ ಒಡವೆ. ಚಿನ್ನದ ಸರ, ಮುತ್ತಿನ ಸರ, ಹವಳದ ಸರ ಎಂಬ ಸಾಲಿನಲ್ಲಿಯೇ ಜಪಸರವೂ ನಿಂತಿದೆ. ಗುರುಮಠದಲ್ಲಿ ನಮಗೆ ಪಾಠ ಹೇಳಿದವರು ಅದನ್ನು ಒಡವೆಯಂತೆ ಧರಿಸಬಾರದೆಂದು ಎಚ್ಚರಿಸುತ್ತಿದ್ದರು. ಎಚ್ಚರಿಕೆ ಸರಿಯಾದದ್ದೇ. ಆದರೂ ನಮ್ಮ ಹಳ್ಳಿಗಳ ತಾಯಂದಿರು ಅದನ್ನು ಕೊರಳಿಗೆ ಹಾಕಿಕೊಂಡು ಗದ್ದೆಗೆ ಹೋದರು, ಬಾವಿಗೆ ಹೋದರು, ಕಡೆಗೆ ಅದನ್ನೇ ತೊಟ್ಟು ಸಮಾಧಿಗೂ ಹೋದರು. ಭಾಷೆ ಅವರ ಪರವಾಗಿಯೇ ಇದೆ.

ನನ್ನ ಬಳಿಯಿರುವ ಜಪಸರ ಮರದ್ದು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಹೊಸದಾಗಿ ಅಭಿಷಿಕ್ತನಾಗಿದ್ದ ದಿನಗಳಲ್ಲಿ, ಪ್ರಥಮ ಪರಮಪ್ರಸಾದ ಸ್ವೀಕರಿಸಲಿದ್ದ ಮಕ್ಕಳಿಗಾಗಿ 60 ಜಪಸರಗಳನ್ನು ಚನ್ನಪಟ್ಟಣದಲ್ಲಿ ಮಾಡಿಸಿದೆ. ಮಣಿ ಕಡೆದವರು ಒಬ್ಬ ವಯಸ್ಸಾದ ಮುಸ್ಲಿಂ ಕುಶಲಕರ್ಮಿ. ಎಣಿಕೆ ಹೇಳಿದಾಗ ಅವರು ನಕ್ಕು, "ನಿಮ್ಮದು ಐವತ್ತೊಂಬತ್ತು, ನಮ್ಮದು ತೊಂಬತ್ತೊಂಬತ್ತು, ಅವರದು ನೂರೆಂಟು, ಮರಕ್ಕೆ ಎಲ್ಲ ಒಂದೇ ಸ್ವಾಮಿ" ಎಂದರು. ಸರಗಳು ಬಂದಾಗ ನಾನು ಮಾಡಿದ್ದೇನು? ಮಣಿಗಳು ಒಂದೇ ಸಮನಾಗಿಲ್ಲವೆಂದು ತಕರಾರು ತೆಗೆದೆ. ಒಪ್ಪಿಕೊಂಡ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಕಡಿತ ಮಾಡಿದೆ. ಅವರು ವಾದಿಸಲಿಲ್ಲ. ಧರ್ಮಕೇಂದ್ರದ ಹಣ ಉಳಿಸಿದೆನೆಂದು ನನಗೆ ಹೆಮ್ಮೆಯೂ ಆಯಿತು. ಮರುವರ್ಷ ಇನ್ನೂ ಅಗ್ಗವೆಂದು ಪ್ಲಾಸ್ಟಿಕ್ ಸರಗಳನ್ನೇ ತರಿಸಿದೆ. ಅವುಗಳ ಮಣಿಗಳು ನಿಜಕ್ಕೂ ಒಂದೇ ಸಮನಾಗಿದ್ದವು. 60ನ್ನು 59ರಿಂದ ಗುಣಿಸಿದರೆ 3,540 ಆಗುತ್ತದೆ ಎಂಬ ಲೆಕ್ಕವನ್ನು ನಾನು ಅಂದು ಮಾಡಲಿಲ್ಲ. ಕಳೆದ ವರ್ಷ ಕೈಲಾಂಚದ ಒಂದು ಮನೆಯ ಜಗುಲಿಯಲ್ಲಿ ಕುಳಿತಾಗ ಆ ಲೆಕ್ಕ ತಾನಾಗಿ ನೆನಪಾಯಿತು. ಅಲ್ಲಿಂದ ಬಂದ ಮೇಲೆ ಈ ಕಸುಬಿನ ಚರಿತ್ರೆಯನ್ನು ಓದತೊಡಗಿದೆ.

ಕೈಲಾಂಚವು ರಾಮನಗರ ತಾಲ್ಲೂಕಿನ ಒಂದು ಹೋಬಳಿ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಹೆಸರು ಬದಲಾದರೂ ನೆಲ ಹಳೆಯದೇ. ಬಂಡೆಗುಡ್ಡಗಳು, ಮಾವಿನ ತೋಪುಗಳು, ರೇಷ್ಮೆಗಾಗಿ ಬೆಳೆದ ಹಿಪ್ಪುನೇರಳೆಯ ಹೊಲಗಳು, ಅವ್ವೇರಹಳ್ಳಿಯ ಬಳಿ ರೇವಣಸಿದ್ಧೇಶ್ವರ ಬೆಟ್ಟ, ಹಂದಿಗುಂದಿಯ ಕಾಡು. ಬೇಸಿಗೆಯಲ್ಲಿ ಎಲೆಯುದುರಿಸಿ ಬೋಳಾಗಿ ನಿಲ್ಲುವ ಇಂತಹ ಒಣ ಕುರುಚಲು ಕಾಡುಗಳಲ್ಲಿ ಬೆಳೆಯುವ ಒಂದು ಸಾಧಾರಣ ಮರವೇ ನಮ್ಮ ಕಥೆಯ ನಾಯಕ.

ಅದರ ಹೆಸರು ಹಾಲೆ. ಚನ್ನಪಟ್ಟಣದ ಕುಶಲಕರ್ಮಿಗಳ ಬಾಯಲ್ಲಿ 'ಆಲೆ ಮರ'. ಕೊಂಬೆ ಮುರಿದರೆ ಹಾಲು ಒಸರುವುದರಿಂದ ಈ ಹೆಸರು. ತೇಗದಂತೆ ಗಾಂಭೀರ್ಯವಿಲ್ಲ, ಗಂಧದಂತೆ ಪರಿಮಳವಿಲ್ಲ, ಬೀಟೆಯಂತೆ ರಾಜಮನೆತನಗಳ ಮಂಚವಾಗುವ ಯೋಗವೂ ಇಲ್ಲ. ಬಹಳ ದಪ್ಪವಾಗಿಯೂ ಬೆಳೆಯುವುದಿಲ್ಲ. ಆದರೆ ತೊಗಟೆ ಸುಲಿದರೆ ಒಳಗೆ ದಂತದಂತಹ ಬಿಳುಪು, ನವಿರಾದ ಎಳೆ. ಉಳಿ ತಾಗಿಸಿದರೆ ಸಿಬಿರೇಳುವುದಿಲ್ಲ. ಮೈಗೆ ತಾಗುವ ಒಡವೆಗೆ ಬೇಕಾದದ್ದು ಇದೇ ಗುಣ: ಚುಚ್ಚಬಾರದು, ಭಾರವಾಗಬಾರದು. ಕಡಿದ ಮರವನ್ನು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಬಳೆ ಸೀಳುತ್ತದೆ. ಇದೇ ಮರದ ಎಲೆಯಿಂದ ಹಿಂದೆ ನೀಲಿ ಬಣ್ಣವನ್ನು ತೆಗೆಯುತ್ತಿದ್ದರು. ಕಂಪನಿ ಸರಕಾರದ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದನ್ನು ಬಣ್ಣದ ಗಿಡವೆಂದೇ ವರ್ಣಿಸಿದ. ಇಂದಿಗೂ ಅದರ ಶಾಸ್ತ್ರೀಯ ನಾಮದಲ್ಲಿ ಬಣ್ಣ ಹಾಕುವುದು ಎಂಬರ್ಥದ ಲತೀನ್ ಪದ ಉಳಿದುಕೊಂಡಿದೆ. ಆಂಧ್ರದ ಏಟಿಕೊಪ್ಪಾಕದ ಬೊಂಬೆಗಾರರು 'ಅಂಕುಡು' ಎಂದು ಕರೆಯುವುದೂ ಈ ಮರವನ್ನೇ.

ಇನ್ನು ಊರಿನ ಮಾತು. ಚನ್ನಪಟ್ಟಣದ ಕೋಟೆಯನ್ನು ಸುಮಾರು 1580ರಲ್ಲಿ ಕಟ್ಟಿಸಿದವನು ಜಗದೇವರಾಯ. 1630ರಲ್ಲಿ ಅದು ಮೈಸೂರಿನ ಒಡೆಯರ ಕೈಸೇರಿತು. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಅರಗಿನ ಕೆಲಸವನ್ನು ಇಲ್ಲಿ ಕಲಿಸಿದನೆಂಬುದು ಪರಂಪರೆಯಿಂದ ಬಂದ ಮಾತು. ಊರಿನ ಪ್ರತಿಯೊಂದು ಅಂಗಡಿಯಲ್ಲಿಯೂ ಇದನ್ನು ಕೇಳಬಹುದು. ನನಗೆ ಹೆಚ್ಚು ಕುತೂಹಲ ಮೂಡಿಸಿದ್ದು ಇನ್ನೊಂದು ಸಂಗತಿ. ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಕಂಪನಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತುತ್ತಾ ಈ ದಾರಿಯಲ್ಲಿ ಬಂದ. ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುವವರು ಚನ್ನಪಟ್ಟಣದಲ್ಲಿರುವುದನ್ನು ಅವನು ಬರೆದಿಟ್ಟಿದ್ದಾನೆ. ಒಂದು ಶತಮಾನದ ಅನಂತರದ ಗೆಜೆಟಿಯರುಗಳು ಊರಿನ ಖ್ಯಾತಿಗೆ ಮೂರು ಕಾರಣ ಕೊಡುತ್ತವೆ: ಅರಗಿನ ಸಾಮಾನು ಮತ್ತು ಬೊಂಬೆಗಳು, ವೀಣೆಯ ತಂತಿ, ಗಾಜಿನ ಬಳೆ.

ಈ ಮೂರನೆಯದನ್ನು ನಾವು ಮರೆತಿದ್ದೇವೆ. ಬೊಂಬೆಗಳ ಊರು ಎಂದು ಫಲಕ ಹಾಕಿಕೊಂಡ ಚನ್ನಪಟ್ಟಣ, ಗೆಜೆಟಿಯರ್ ಬರೆದವರ ಕಣ್ಣಿಗೆ ಬಳೆಗಳ ಊರೂ ಆಗಿತ್ತು. ಹೆಣ್ಣುಮಕ್ಕಳ ಮುಂಗೈಯ ಅಳತೆ ಬಲ್ಲ ಊರು ಅದು. ಕುಲುಮೆಯ ಮುಂದೆ ಗಾಜಿನ ಬಳೆ, ಪಕ್ಕದ ಬೀದಿಯಲ್ಲಿ ಮರ ಕಡೆಯುವ ಸದ್ದು. ಕಾಲಾಂತರದಲ್ಲಿ ಗಾಜಿನ ಬಳೆಯ ಹೆಸರು ಫಿರೋಜಾಬಾದಿನ ಪಾಲಾಯಿತು. ಇಂದು ಚನ್ನಪಟ್ಟಣದ ಬಳೆಯೆಂದರೆ ಮರದ ಬಳೆ.

ಮರವನ್ನು ಮೈಮೇಲೆ ತೊಡುವುದು ನಮ್ಮ ನಾಡಿಗೆ ಹೊಸತಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸನ್ಯಾಸಿಗಳ ಹಾವುಗೆ ಮರದ್ದು. ವೈಷ್ಣವರ ಕೊರಳಿನ ತುಳಸಿಯ ಮಣಿ ಗಿಡದ ಕಡ್ಡಿಯದು. ಕರಾವಳಿಯ ಯಕ್ಷಗಾನದಲ್ಲಿ ರಾಜನಾಗಿ ಮೆರೆಯುವವನ ಭುಜಕೀರ್ತಿ, ಎದೆಕಟ್ಟುಗಳನ್ನು ಹಗುರವಾದ ಮರದಲ್ಲಿ ಕೆತ್ತಿ ಬೇಗಡೆ ಹಚ್ಚುವುದು ಹಳೆಯ ಪದ್ಧತಿ. ದೀಪದ ಬೆಳಕಿನಲ್ಲಿ ಅದು ಅಪ್ಪಟ ಚಿನ್ನ. ಚನ್ನಪಟ್ಟಣದ ವಿಶೇಷವಿರುವುದು ಕೆತ್ತನೆಯಲ್ಲಲ್ಲ, ಕಡೆತದಲ್ಲಿ.

'ಕಡೆ' ಎಂಬ ಕ್ರಿಯಾಪದ ಎಷ್ಟು ಅರ್ಥಪೂರ್ಣವಾದದ್ದು! ಮೊಸರನ್ನು ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಹಳೆಯ ಕೈ ತಿರುಗಣೆಯನ್ನು ಕಂಡವರಿಗೆ ಈ ಎರಡೂ ಒಂದೇ ಪದವಾದದ್ದು ಏಕೆಂದು ವಿವರಿಸಬೇಕಾಗಿಲ್ಲ. ಮಜ್ಜಿಗೆಯ ಕಡಗೋಲಿಗೆ ಹಗ್ಗ ಸುತ್ತಿದಂತೆ ಮರದ ತುಂಡಿನ ಅಚ್ಚಿಗೆ ಬಿಲ್ಲಿನ ದಾರ ಸುತ್ತಿರುತ್ತದೆ. ಒಂದು ಕೈ ಬಿಲ್ಲನ್ನು ಹಿಂದೆ ಮುಂದೆ ಎಳೆಯುತ್ತದೆ. ಮರ ಒಮ್ಮೆ ಅತ್ತ, ಒಮ್ಮೆ ಇತ್ತ ಗಿರ್ರನೆ ತಿರುಗುತ್ತದೆ. ಇನ್ನೊಂದು ಕೈಯ ಉಳಿ ಅದರ ಮೈಯನ್ನು ನಯಗೊಳಿಸುತ್ತದೆ. ಬೆಣ್ಣೆಯಂತಹ ಬಿಳಿ ಸುರುಳಿಗಳು ಮಡಿಲ ಮೇಲೆ ಬೀಳುತ್ತವೆ.

ಆಮೇಲಿನದು ಅರಗಿನ ಕೆಲಸ. ಅರಗು ಒಂದು ಅತಿ ಸಣ್ಣ ಕೀಟದ ಸ್ರಾವ. ಮುತ್ತುಗ, ಬೋರೆ ಮುಂತಾದ ಮರಗಳ ಎಳೆಯ ಕೊಂಬೆಗಳಲ್ಲಿ ಅದು ಮನೆ ಮಾಡುತ್ತದೆ. ನಮ್ಮ ಸೀಮೆಯಲ್ಲಿ ಜಾಲಾರಿ ಮರಕ್ಕೆ ಅರಗಿನ ಮರವೆಂಬ ಹೆಸರೇ ಇತ್ತು. ಈಗ ದೇಶದ ಅರಗು ಬಹುಪಾಲು ಝಾರ್ಖಂಡ, ಛತ್ತೀಸ್‌ಗಢಗಳ ಕಾಡುಗಳಿಂದ ಬರುತ್ತದೆ. ಕಾಯಿಸಿದ ಅರಗಿಗೆ ಬಣ್ಣ ಬೆರೆಸಿ, ಎಳೆದು ಮಡಿಸಿ ನಾದಿ, ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಭರದಿಂದ ತಿರುಗುವ ಮರಕ್ಕೆ ಈ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಕಾವಿಗೇ ಅರಗು ಕರಗಿ ಮರದ ಮೈಗೆ ಅಂಟುತ್ತದೆ. ಕುಂಚವಿಲ್ಲ, ನೀರಿಲ್ಲ, ಬೆಂಕಿಯಿಲ್ಲ. ಕೊನೆಗೆ ಕೇದಗೆಯ ಒಣಗರಿಯನ್ನು ತಾಗಿಸುತ್ತಾರೆ. ಆ ಕ್ಷಣದಲ್ಲಿ ಮಂಕಾಗಿದ್ದ ಬಣ್ಣ ಕನ್ನಡಿಯಂತೆ ಬೆಳಗುವುದನ್ನು ನೋಡಿಯೇ ತಿಳಿಯಬೇಕು. ನಾನು ಎಷ್ಟು ಸಲ ನೋಡಿದರೂ ಮತ್ತೆ ಒಮ್ಮೆ ಮಾಡಿ ತೋರಿಸಿ ಎಂದು ಕೇಳಿದ್ದೇನೆ.

ಬಳೆ ಮಾಡುವುದು ಬೊಂಬೆಗಿಂತ ಕಷ್ಟ. ಬೊಂಬೆ ಗಟ್ಟಿ ಮರ. ಬಳೆ ಬರಿಯ ಅಂಚು. ದುಂಡಗೆ ಕಡೆದ ತುಂಡಿನ ಒಳಭಾಗವನ್ನು ಉಳಿಯಿಂದ ಕೊರೆದು ಉಂಗುರವಾಗಿ ಬೇರ್ಪಡಿಸಬೇಕು. ಅದನ್ನು ಅದರ ಅಳತೆಯ ಮರದ ಅಚ್ಚಿಗೆ ಬಿಗಿಯಾಗಿ ಕೂರಿಸಿ ಹೊರಮೈಗೆ ಅರಗು ಕೊಡಬೇಕು. ಒಳಮೈ ಚರ್ಮಕ್ಕೆ ತಾಗುವುದರಿಂದ ಅದನ್ನು ಬೇರೆಯಾಗಿ ನುಣುಪುಗೊಳಿಸಬೇಕು. ಕೈ ಸ್ವಲ್ಪ ಅದುರಿದರೆ ಉಂಗುರ ಚೂರಾಗುತ್ತದೆ, ಅಲ್ಲಿಯವರೆಗಿನ ದುಡಿಮೆ ಮಣ್ಣುಪಾಲು. ಮಣಿಯ ಕಷ್ಟ ಇನ್ನೊಂದು ಬಗೆಯದು. ಬೆರಳು ದಪ್ಪದ ಕಡ್ಡಿಯಲ್ಲಿ ಸಾಲಾಗಿ ಮಣಿಗಳನ್ನು ಕಡೆದು, ಬಣ್ಣವೇರಿಸಿ, ಒಂದೊಂದಾಗಿ ಕತ್ತರಿಸಿ, ರಂಧ್ರ ತೆಗೆಯಬೇಕು. ಒಂದು ಮಣಿಗೆ ಯಾವ ಬೆಲೆ ಕೇಳುವುದು? ಆದುದರಿಂದ ಕೂಲಿ ನೂರರ ಲೆಕ್ಕದಲ್ಲಿ, ಸಾವಿರದ ಲೆಕ್ಕದಲ್ಲಿ. ನಾನು ಅಂದು ಸಮನಾಗಿಲ್ಲವೆಂದು ತೆಗಳಿದ 3,540 ಮಣಿಗಳೂ ಹೀಗೆ ಹುಟ್ಟಿದವುಗಳೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬ ಕುಶಲಕರ್ಮಿ ಜಪಾನಿನ ಬೊಂಬೆಗಾರಿಕೆಯ ವಿಧಾನಗಳನ್ನು ಇಲ್ಲಿಗೆ ಹೊಂದಿಸಿ ಇತರರಿಗೂ ಕಲಿಸಿದರು. ಚನ್ನಪಟ್ಟಣದ ಬೊಂಬೆಗಳ ಪಿತಾಮಹರೆಂದು ಊರು ಅವರನ್ನು ಸ್ಮರಿಸುತ್ತದೆ. ಮುಂದೆ ವಿದ್ಯುತ್ ಬಂತು, ಬಿಲ್ಲಿನ ಜಾಗದಲ್ಲಿ ಮೋಟಾರು ಕೂತಿತು. ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ 1964ರಲ್ಲಿ ಸ್ಥಾಪನೆಯಾಯಿತು. ಡಚ್ ಸರಕಾರದ ನೆರವು ಮತ್ತು ರಾಜ್ಯದ 'ವಿಶ್ವ' ಯೋಜನೆಯಿಂದ ನೀಲಸಂದ್ರದಲ್ಲಿ 32 ಕಡೆಯುವ ಯಂತ್ರಗಳ ಕರಕುಶಲ ಸಂಕೀರ್ಣ ತಲೆಯೆತ್ತಿತು. 2005-06ರ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆ ಮತ್ತು ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2006ರ ಸುಮಾರಿಗೆ 254 ಮನೆ ಘಟಕಗಳೂ 50 ಸಣ್ಣ ಕಾರ್ಖಾನೆಗಳೂ ಸೇರಿ 6,000ಕ್ಕೂ ಹೆಚ್ಚು ಜನ ಇದನ್ನು ನಂಬಿ ಬದುಕುತ್ತಿದ್ದರೆಂದು ವರದಿಗಳು ಹೇಳುತ್ತವೆ. 2010ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮಿಶೆಲ್ ಒಬಾಮ ದೆಹಲಿಯ ಕರಕುಶಲ ವಸ್ತು ಸಂಗ್ರಹಾಲಯದಲ್ಲಿ ಇಲ್ಲಿಯ ಬೊಂಬೆಗಳನ್ನು ಕೊಂಡದ್ದು ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಗಮನಿಸಿದಿರಾ? ಮನ್ನಣೆಯ ಹೆಸರಿನಲ್ಲಿಯೂ, ಸುದ್ದಿಯಲ್ಲಿಯೂ ಬೊಂಬೆಯೇ. ಬಳೆ, ಓಲೆ, ಮಣಿಸರಗಳು ಅದರ ಬೆನ್ನ ಹಿಂದೆ ನಿಂತ ತಂಗಿಯರಂತೆ. ಆದರೆ ತೊಂಬತ್ತರ ದಶಕದಿಂದೀಚೆಗೆ ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಸಂತೆಸಂತೆಗೂ ಬಂದು ಬಿದ್ದು ಬೊಂಬೆಯ ಮಾರುಕಟ್ಟೆ ಕುಸಿದಾಗ ಅನೇಕ ಮನೆಗಳಲ್ಲಿ ಒಲೆ ಆರದಂತೆ ನೋಡಿಕೊಂಡದ್ದು ಈ ತಂಗಿಯರೇ ಎಂಬುದು ನನ್ನ ಅಭಿಪ್ರಾಯ. ಬೊಂಬೆ ಮಕ್ಕಳಿರುವ ಮನೆಗೆ ಬೇಕು, ಅದೂ ಒಂದೋ ಎರಡೋ. ಬಳೆ ಎಲ್ಲ ಮನೆಗೂ ಬೇಕು, ಸೀರೆಗೊಂದು ಬಣ್ಣದ್ದು ಬೇಕು. ಕಾಲೇಜಿನ ಹುಡುಗಿಯರು ಚಿನ್ನಕ್ಕೆ ಬದಲಾಗಿ ಮರದ ಓಲೆಯನ್ನು ಇಷ್ಟಪಡತೊಡಗಿದರು. ಹೊರದೇಶದ ಕೊಳ್ಳುವವರು ಮಣಿಗಳನ್ನು ಕೇಳಿದರು. ಮಣಿ ಪೋಣಿಸುವುದು, ಕೊಂಡಿ ಸಿಕ್ಕಿಸುವುದು, ಬಣ್ಣ ಹೊಂದಿಸುವುದು ಮನೆಯಲ್ಲಿಯೇ ಕುಳಿತು ಮಾಡಬಹುದಾದ ಕೆಲಸಗಳು; ಹೀಗೆ ಗಂಡಸರ ತಿರುಗಣೆಯ ಸುತ್ತ ಹೆಂಗಸರ ದುಡಿಮೆಯ ಒಂದು ವರ್ತುಲ ಬೆಳೆಯಿತು. ತರಬೇತಿ ಪಡೆದು ತಾವೇ ಉಳಿ ಹಿಡಿದ ಹೆಣ್ಣುಮಕ್ಕಳೂ ಈಗ ಇದ್ದಾರೆ.

ಬಣ್ಣದ ವಿಷಯದಲ್ಲಿಯೂ ಒಂದು ತಿರುವು ಬಂತು. ಕಳೆದ ಶತಮಾನದಲ್ಲಿ ಅಗ್ಗದ ರಾಸಾಯನಿಕ ಬಣ್ಣಗಳು ಅರಗಿಗೆ ಸೇರಿಕೊಂಡಿದ್ದವು. 2007ರಲ್ಲಿ ಸೀಸದ ಬಣ್ಣದ ಕಾರಣದಿಂದ ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ಪಾಶ್ಚಾತ್ಯ ದೇಶಗಳು ಅಂಗಡಿಗಳಿಂದ ಹಿಂದಕ್ಕೆ ಪಡೆದವು. ಮಗು ಬಾಯಿಗಿಡುವ ವಸ್ತು, ಮೈಗೆ ತಾಗುವ ವಸ್ತು ಶುದ್ಧವಾಗಿರಬೇಕೆಂಬ ಬೇಡಿಕೆ ಹೆಚ್ಚಿತು. ಚನ್ನಪಟ್ಟಣದಲ್ಲಿ ಕೆಲವರು ಅರಿಶಿನ, ನೀಲಿ, ಕಾಚು, ಮಂಜಿಷ್ಠಗಳಂತಹ ಸಸ್ಯಮೂಲದ ಬಣ್ಣಗಳಿಗೆ ಮರಳಿದರು. ಎಲ್ಲರೂ ಮರಳಲಿಲ್ಲ, ಏಕೆಂದರೆ ಅವುಗಳ ಬೆಲೆ ಹೆಚ್ಚು. ಸಸ್ಯದ ಬಣ್ಣ ಸ್ವಲ್ಪ ಮಾಸಲು. ನನ್ನ ಕಣ್ಣಿಗೆ ಅದೇ ಹೆಚ್ಚು ಚೆಂದ.

2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ರೇಡಿಯೊ ಭಾಷಣದಲ್ಲಿ ಚನ್ನಪಟ್ಟಣದ ಹೆಸರೆತ್ತಿದರು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ವಸ್ತುಗಳಿಗೂ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಕೊರೋನಾ ರೋಗ ಅಂಗಡಿಗಳ ಬಾಗಿಲು ಹಾಕಿಸಿತ್ತು. ಬಾಗಿಲು ತೆರೆದು ಸ್ವಲ್ಪ ಉಸಿರಾಡುವಷ್ಟರಲ್ಲಿ, 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. 118 ಕಿಲೋಮೀಟರಿನ ಆ ದಾರಿ ರಾಮನಗರವನ್ನೂ ಚನ್ನಪಟ್ಟಣವನ್ನೂ ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಹಿಂದೆ ಮೈಸೂರಿಗೆ ಹೋಗುವ ಪ್ರತಿಯೊಂದು ಕುಟುಂಬವೂ ಇಲ್ಲಿ ಕಾಫಿಗೆ ಇಳಿದು, ಮಗುವಿಗೊಂದು ಬುಗುರಿ, ತಾಯಿಗೊಂದು ಜೊತೆ ಬಳೆ ಕೊಳ್ಳುತ್ತಿತ್ತು. ನಾನೂ ಈಗ ಹೊಸ ದಾರಿಯಲ್ಲಿಯೇ ಹೋಗುತ್ತೇನೆ, ಸಮಯ ಉಳಿಯುತ್ತದೆ. ಹಳೆಯ ರಸ್ತೆಯ ಅಂಗಡಿಯವರು ಬಾಗಿಲಲ್ಲಿ ಕುಳಿತು ರಸ್ತೆ ನೋಡುತ್ತಾರೆ. ಮರದ ಕೊರತೆಯೂ ಇದೆ. ಹಾಲೆಯನ್ನು ಶತಮಾನಗಳಿಂದ ಕಡಿದೆವು, ನೆಟ್ಟದ್ದು ಕಡಿಮೆ. ಇದರ ನಡುವೆ ಮಕ್ಕಳನ್ನು ಈ ಕಸುಬಿಗೆ ಕೂರಿಸಲು ಎಷ್ಟು ತಂದೆಯರಿಗೆ ಧೈರ್ಯ ಬಂದೀತು? ಬೆಂಗಳೂರು ಹತ್ತಿರದಲ್ಲಿಯೇ ಇದೆ, ತಿಂಗಳ ಸಂಬಳ ಕೊಡುತ್ತದೆ.

ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿಯೂ ಮಣಿ ಮಾಡುವವರಿಗೆ ಒಂದು ಸ್ಥಾನವಿದೆ. ಸುಮಾರು 1268ರಲ್ಲಿ ಪ್ಯಾರಿಸ್ ನಗರದ ಅಧಿಕಾರಿ ಎತಿಯೆನ್ ಬುವಾಲೊ ಅಲ್ಲಿಯ ಕಸುಬುದಾರರ ಸಂಘಗಳ ನಿಯಮಗಳನ್ನು ಬರೆಯಿಸಿದಾಗ ಜಪದ ಮಣಿ ಮಾಡುವವರ ಸಂಘಗಳೇ ಹಲವಿದ್ದವು: ಮೂಳೆ ಮತ್ತು ಕೊಂಬಿನ ಮಣಿಯವರು, ಹವಳ ಮತ್ತು ಚಿಪ್ಪಿನವರು, ಅಂಬರಿನವರು. ಬಡವರು ಮರದ ಮಣಿಯಲ್ಲಿಯೇ ತೃಪ್ತಿಪಟ್ಟರು. ಬೆತ್ಲೆಹೇಮಿನಲ್ಲಿ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿಗಳು ಸ್ಥಳೀಯ ಕುಟುಂಬಗಳಿಗೆ ಕಲಿಸಿದ ಆಲಿವ್ ಮರದ ಕೆತ್ತನೆ ಇಂದಿಗೂ ಅಲ್ಲಿಯ ಕ್ರೈಸ್ತರ ಅನ್ನದ ದಾರಿ. ಬೈಬಲಿನ ವಿಮೋಚನಾಕಾಂಡದಲ್ಲಿ ದೇವರ ಆತ್ಮದಿಂದ ತುಂಬಿದವನೆಂದು ಹೆಸರು ಹೇಳಿ ಕರೆಯಲಾದ ಬೆಚಲೇಲನು ಪ್ರವಾದಿಯಲ್ಲ, ಯಾಜಕನೂ ಅಲ್ಲ. ಚಿನ್ನ, ಕಲ್ಲು, ಮರಗಳಲ್ಲಿ ಕೆಲಸ ಮಾಡುವ ಕುಶಲಕರ್ಮಿ. ಅವನು ಮಂಜೂಷಕ್ಕೆ ಬಳಸಿದ್ದು ಜಾಲಿಯ ಮರವೆಂದು ಕನ್ನಡ ಬೈಬಲ್ ಹೇಳುತ್ತದೆ. ನಜರೇತಿನ ಜನ ಪ್ರಭು ಯೇಸುವನ್ನು ಹೀಗಳೆಯಲು ಹುಡುಕಿದ ಪದವೂ ಬಡಗಿ ಎಂಬುದೇ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವಾಗಿ ಘೋಷಿಸಿದರು. ಪ್ರತಿವರ್ಷ ಆ ದಿನ ನಾನು ಪೀಠದಿಂದ ಇದನ್ನು ಬೋಧಿಸುತ್ತೇನೆ. ಮಣಿಗಳ ಬೆಲೆಯನ್ನು ಕಡಿತ ಮಾಡಿದ ವರ್ಷವೂ ಬೋಧಿಸಿದ್ದೆ.

ಇನ್ನು ಕೈಲಾಂಚದ ಜಗುಲಿಯ ಮಾತು. ನಿವೃತ್ತ ಶಾಲಾ ಶಿಕ್ಷಕರಾದ ಸ್ನೇಹಿತರೊಬ್ಬರ ಜೊತೆ ಆ ಕಡೆ ಹೋಗಿದ್ದೆ. ಅವರ ನೆರೆಮನೆಯ ಹೆಂಗಸು ಜಗುಲಿಯ ಮೇಲೆ ಮೊರದ ತುಂಬ ಬಣ್ಣದ ಮಣಿಗಳನ್ನು ಹರಡಿಕೊಂಡು ಪೋಣಿಸುತ್ತಿದ್ದರು. ಚನ್ನಪಟ್ಟಣದ ಒಂದು ಘಟಕದಿಂದ ವಾರಕ್ಕೊಮ್ಮೆ ಮಣಿ ತರುತ್ತಾರೆ, ಸರ ಮಾಡಿ ಹಿಂದಿರುಗಿಸುತ್ತಾರೆ. ರೇಷ್ಮೆ ಹುಳು ಸಾಕಣೆಯಲ್ಲಿ ನಷ್ಟವಾದ ಮೇಲೆ ಹಿಡಿದ ಕೆಲಸವಂತೆ. ಮಾತನಾಡುತ್ತಿದ್ದಂತೆಯೇ ಅವರ ಬೆರಳು ಮೊರದಿಂದ ಒಂದು ಮಣಿಯನ್ನು ಬದಿಗೆ ತಳ್ಳಿತು, ಇನ್ನೊಂದನ್ನು ಎತ್ತಿಕೊಂಡಿತು. ಕಣ್ಣು ನಮ್ಮ ಕಡೆಗೇ ಇತ್ತು. ಸಮನಾಗಿಲ್ಲದವುಗಳನ್ನು ಬಿಡುತ್ತೀರಾ ಎಂದು ಕೇಳಿದೆ. "ಬಿಡೋದಿಲ್ಲ ಸ್ವಾಮಿ, ಅಂಥವು ಕತ್ತಿನ ಹಿಂದಕ್ಕೆ ಬರೋ ಹಾಗೆ ಪೋಣಿಸ್ತೀನಿ. ಕಡೆದವರಿಗೆ ಕೂಲಿ ಹೋಗಬಾರದಲ್ಲ" ಎಂದರು. ಆಕೆ ಆ ಕಡೆದವರನ್ನು ಒಮ್ಮೆಯೂ ನೋಡಿಲ್ಲ.

ಹಣೆಯಲ್ಲಿ ಕುಂಕುಮವಿರಲಿಲ್ಲ. ಆದರೆ ಎಡಗೈಯಲ್ಲಿ ಅರಿಶಿನ ಬಣ್ಣದ ಅಗಲವಾದ ಮರದ ಬಳೆಯಿತ್ತು. ನನ್ನ ನೋಟವನ್ನು ಅರಿತವರಂತೆ ತಾವೇ ಹೇಳಿದರು: ಗಂಡ ತೀರಿಕೊಂಡಾಗ ಊರಿನ ಹಿರಿಯರು ಗಾಜಿನ ಬಳೆಗಳನ್ನು ಒಡೆಸಿದರು. ಆರು ವರ್ಷ ಬರಿಗೈಯಲ್ಲಿದ್ದೆ, ಕೈ ತನ್ನದಲ್ಲ ಎನಿಸುತ್ತಿತ್ತು. ಮಣಿಗಳ ಜೊತೆ ಒಂದು ಸಲ ಈ ಬಳೆ ಬಂತು, ಒಳಗೆ ಸಣ್ಣ ಬಿರುಕು ಬಿಟ್ಟಿದ್ದುದರಿಂದ ಮಾರಾಟಕ್ಕೆ ಆಗದೆಂದು ಇಟ್ಟುಕೋ ಎಂದರು. ತೊಟ್ಟುಕೊಂಡು ಬೀದಿಯಲ್ಲಿ ನಡೆದೆ. ಗಾಜಿನದಾಗಿದ್ದರೆ ಮಾತು ಬರುತ್ತಿತ್ತು. ಮರದ ಬಳೆಯ ಬಗ್ಗೆ ಶಾಸ್ತ್ರದಲ್ಲಿ ಏನೂ ಇರಲಿಲ್ಲವೇನೋ, ಯಾರೂ ಏನೂ ಅನ್ನಲಿಲ್ಲ.

ನಾನು ಅಂಗಿಯ ಜೇಬಿನಿಂದ ನನ್ನ ಹಳೆಯ ಜಪಸರವನ್ನು ತೆಗೆದು ಅವರಿಗೆ ಕೊಟ್ಟೆ. ಅದರ ನೂಲು ಎರಡು ಕಡೆ ಸವೆದಿತ್ತು. ಆಕೆ ಮಣಿಗಳನ್ನು ಒಂದೊಂದಾಗಿ ಬೆರಳಿನಿಂದ ತಡವಿ ನೋಡಿ, "ಇದು ಬಿಲ್ಲಿನಲ್ಲಿ ಕಡೆದದ್ದು, ಈಗಿನ ಮೋಟಾರಿನದಲ್ಲ" ಎಂದರು. ಹಳೆಯ ನೂಲನ್ನು ಕತ್ತರಿಸಿದರು. 59 ಮಣಿಗಳೂ ಮೊರದೊಳಕ್ಕೆ ಉರುಳಿ ಉಳಿದವುಗಳ ಜೊತೆ ಬೆರೆತವು. ನನಗೆ ಒಂದು ಕ್ಷಣ ಗಾಬರಿಯಾಯಿತು. ಆಕೆ ನಗುತ್ತಾ, ಬಣ್ಣ ಮಾಸಿದ್ದ ನನ್ನ ಮಣಿಗಳನ್ನು ಆರಿಸಿ ಹೊಸ ದಾರಕ್ಕೆ ಪೋಣಿಸತೊಡಗಿದರು.